ರೊಟ್ಟಿ ಕೇಂದ್ರ ಯಾರ ಹೆಸರಿಗೆ?

ಹೊಳೆದಂಡೆಯ ಆಶ್ರಮಕ್ಕೆ ಒಂದು ಸಂಜೆ ನೀಲಗಂಗಾ ಬಂದಳು. ಊರಲ್ಲಿ ಅವಳದೊಂದು ರೊಟ್ಟಿ ಕೇಂದ್ರ. ಗಿರಾಕಿಗಳನ್ನು ಅವಳು ನೋಡಿಕೊಂಡರೆ, ಗೆಳತಿ ದ್ಯಾಮವ್ವ ರೊಟ್ಟಿ ಬಡಿಯುತ್ತಿದ್ದಳು.

ಗುರುಗಳಿಗೆ ನಮಸ್ಕರಿಸಿ ಕೂತಳು.

"ಅಪ್ಪಾರ, ಕೇಂದ್ರಾನ ನೋಂದಣಿ ಮಾಡಸಬೇಕಾಗೇತಿ. ನನ್ನೊಬ್ಬಾಕಿ ಹೆಸರಿಗೆ ಮಾಡಸಲೋ, ದ್ಯಾಮವ್ವನ್ನ ಪಾಲುದಾರಳು ಮಾಡಿಕೊಳ್ಳಲೋ ತಿಳೀವಲ್ದು."

"ವಕೀಲರು ಏನಂದ್ರು?"

"ಕಂಪನಿ ಅಂದ್ರ ನಮ್ಮಂಥ ಸಣ್ಣವರಿಗೆ ಭಾರ. ಒಬ್ಬಾಕಿ ಹೆಸರಾದ್ರ ಸಲೀಸು. ಪಾಲುದಾರಿಕಿ ಆದ್ರ, ವ್ಯವಹಾರದಾಗ ಒಬ್ಬರು ಮಾಡಿದ ತಪ್ಪಿಗೆ ಇನ್ನೊಬ್ಬರೂ ಹೊಣಿ ಅಂತ."

"ನಿನಗ ಅದರದ ಹೆದರಿಕಿ?"

"ಹೌದ್ರಿ. ಆಕಿ ತಪ್ಪಿಗೆ ನಾನು ಯಾಕ ಹೊಣಿ ಆಗಲಿ?"

ಗುರುಗಳು ಕೇಳಿದರು:

"ಹೋದ ಬ್ಯಾಸಗಿಯಾಗ ನಿನಗ ಕಾಮಾಲಿ ಆಗಿತ್ತಲ್ಲ. ಆಗ ಕೇಂದ್ರ ಮುಚ್ಚಿತ್ತೇನು?"

"ಇಲ್ರಿ. ದ್ಯಾಮವ್ವ ನಡೆಸಿದ್ಲು. ಮಲಗೂಕಿಂತ ಮೊದಲ ನಾನು ತಿಳೀದ ಒಂದ ದಿನಕ್ಕ ಎರಡು ಮದುವಿ ಮನಿ ರೊಟ್ಟಿ ಒಪ್ಪಿಕೊಂಡಿದ್ದೆ. ಆಕಿ ನಸುಕಿನ್ಯಾಗ ಒಲಿ ಹಚ್ಚಿ ಎರಡೂ ಮನಿಗೆ ಮುಟ್ಟಿಸಿದ್ಲು."

"ತಪ್ಪು ಯಾರದು?"

"ನಂದು."

"ಹೊಣಿ ಹೊತ್ತಾಕಿ?"

ನೀಲಗಂಗಾಳ ಕಣ್ಣು ತುಂಬಿ ಬಂತು. ಗುಣವಾಗಿ ಬಂದ ಮೇಲೂ ದ್ಯಾಮವ್ವ ಆ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ತಾನೂ ಕೇಳಿರಲಿಲ್ಲ.

ಅವಳು ನೇರ ಕೇಂದ್ರಕ್ಕೆ ಹೋದಳು. ದ್ಯಾಮವ್ವ ಹಿಟ್ಟು ನಾದುತ್ತಿದ್ದಳು.

"ಪಾಲುದಾರಳಾಗತಿಯೇನ?" ನೀಲಗಂಗಾ ಕೇಳಿದಳು.

ದ್ಯಾಮವ್ವನ ಕೈ ನಿಂತಿತು.

"ಅಲ್ಲವ್ವಾ, ನಾಳೆ ನನ್ನಿಂದ ಏನರ ತಪ್ಪಾದ್ರ?"

"ನಾನು ಇರತೀನಿ."

ಕೆಲವು ದಿನಗಳ ಮೇಲೆ ಪಾಲುದಾರಿಕೆ ಪತ್ರಕ್ಕೆ ಇಬ್ಬರೂ ಸಹಿ ಹಾಕಿದರು. ಅಂದೇ ಜೊತೆಯಾಗಿ ಆಶ್ರಮಕ್ಕೆ ಬಂದು ಗುರುಗಳ ಕಾಲಿಗೆರಗಿದರು. ದ್ಯಾಮವ್ವ ಹೊಳೆಯ ಕಡೆ ಹೋದಾಗ ನೀಲಗಂಗಾ ಮೆಲ್ಲಗೆ ಕೇಳಿದಳು:

"ಅಪ್ಪಾರ, ಪಾಲು ಸಮ ಬರದೀವಿ. ಆದ್ರ ಆಕಿ ಮಾಡಿದ ಉಪಕಾರ ಹಂಗ ಉಳೀತು. ಅದನ್ನ ಹೆಂಗ ತೀರಸಲಿ?"

ಗುರುಗಳು ನಕ್ಕರು.

"ತೀರಸಬ್ಯಾಡವ್ವಾ. ಅದು ತೀರಿದ ದಿನ ಪಾಲುದಾರಿಕಿ ಮುಗೀತದ."