ಬೆಳವನ ಗಂಟಲಿಗೆ ಹಾಲು ಬಂದದ್ದು

ಇದು ನಡೆದದ್ದು ಲೋಕ ಹೊಸದಾಗಿದ್ದಾಗ, ಮೊದಲ ಬಾರಿಗೆ ಮಳೆ ತಪ್ಪಿದ ವರ್ಷ. ಮಳೆ ತಪ್ಪಬಹುದು ಎಂಬುದೇ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಹೊಳೆಯ ದಂಡೆಯ ಜಾಲಿ ಮರದಲ್ಲಿ ಪಾರಿವಾಳದ ಬಳಗದ ಒಂದು ಜೋಡಿ ಬೆಳವ ಹಕ್ಕಿ ಸಂಸಾರ ಹೂಡಿತ್ತು. ಆಗೆಲ್ಲ ಬೆಳವ ಮೂರು ಮೊಟ್ಟೆ ಇಡುತ್ತಿತ್ತು. ಮೂರೂ ಮರಿಯಾದವು. ಅಷ್ಟರಲ್ಲಿ ಹುಲ್ಲು ಒಣಗಿತು. ಹುಲ್ಲು ಹೋದ ಮೇಲೆ ಹುಳು ಹೋಯಿತು.

ತಾಯಿ ಬೆಳವನ ಬಳಿ ಉಳಿದದ್ದು ನಾಲ್ಕಾರು ಕಾಳು ಜೋಳ. ಒಣಗಿ ಕಲ್ಲಾದ ಜೋಳ. ಮರಿಗಳ ಗಂಟಲಲ್ಲಿ ಅದು ಇಳಿಯಲಿಲ್ಲ.

ಪಕ್ಕದ ಕೊಂಬೆಯ ಗೊರವಂಕ ಊರು ಬಿಡಲು ಹೊರಟು ನಿಂತಿತ್ತು.

"ಬಾರೇ ತಂಗಿ. ಗುಡ್ಡದಾಚೆ ಇನ್ನೂ ಹಸಿರಿದೆಯಂತೆ."

"ಮರಿಗಳಿಗೆ ಹಾರೋಕೆ ಬರಲ್ಲಕ್ಕ."

"ನೀನು ಬದುಕಿದ್ದರೆ ಮುಂದಿನ ವರ್ಷ ಮತ್ತೆ ಮರಿ ಮಾಡ್ತೀಯ. ಆ ಜೋಳ ನೀನೇ ತಿನ್ನು, ದಾರಿಗಾಗುತ್ತೆ."

"ಅವು ಬೇರೆ ಮರಿಗಳಾಗ್ತಾವಲ್ಲಕ್ಕ."

ಗೊರವಂಕ ನಾಲ್ಕು ಕಡ್ಡಿಯ ಆ ಗೂಡನ್ನು ನೋಡಿತು. "ಇದನ್ನ ಗೂಡು ಅಂತ ಬೇರೆ ಕರೀತೀಯ. ಕೆಳಗೆ ನಿಂತರೆ ಮರಿಗಳ ಹೊಟ್ಟೆ ಕಾಣುತ್ತೆ" ಎಂದು ಗೊಣಗಿತು. ಅದರ ದನಿ ಒಡೆದಿತ್ತು. ಅದರ ಗೂಡು ಆಗಲೇ ಖಾಲಿಯಾಗಿತ್ತು.

ಸಂಜೆ ತಾಯಿ ಬೆಳವ ಕಾಳುಗಳನ್ನು ಕೊಕ್ಕಿನಲ್ಲಿಟ್ಟುಕೊಂಡು ಹೊಳೆಗೆ ಹೋಯಿತು. ಹೊಳೆ ಒಂದು ಬಂಡೆಯ ಬುಡದಲ್ಲಿ ಒಂದು ಗುಟುಕಿನಷ್ಟಾಗಿ ಕೂತಿತ್ತು. ಕಾಳುಗಳನ್ನು ಬಂಡೆಯ ಮೇಲಿಟ್ಟು ಬೆಳವ ಕೇಳಿತು:

"ಹೊಳೆಯಮ್ಮ, ದೇವರು ಬಂದಿದ್ದನಾ?"

"ದಿನಾ ಸಂಜೆ ಕಾಲು ತೊಳೆಯೋಕೆ ಬರ್ತಿದ್ದ. ನೀರು ಕಡಿಮೆಯಾದ ಮೇಲೆ ಬಿಟ್ಟ. ಇರೋದು ನಿಮಗಾಗಲಿ ಅಂತ."

"ನಾನು ಹೇಳಿದರೆ ಕೇಳಿಸುತ್ತಾ?"

"ಕೇಳಿಸುತ್ತೆ. ಉತ್ತರ ನಿಧಾನ."

ಬೆಳವ ತಲೆ ಬಾಗಿಸಿತು. "ಸ್ವಾಮಿ, ಇರೋದು ಇಷ್ಟೇ. ನನ್ನ ಕೈಲಿ ಇದು ಊಟ ಆಗ್ತಿಲ್ಲ. ಇನ್ನು ಇದು ನಿನ್ನದು."

ಯಾರೂ ಬರಲಿಲ್ಲ. ಗಾಳಿ ಮಾತ್ರ ಬಂತು. "ಇಲ್ಲಿಟ್ಟರೆ ನಾನು ಹೊತ್ತುಕೊಂಡು ಹೋಗ್ತೀನಿ. ನಿಲ್ಲೋದು ನನಗೆ ಗೊತ್ತಿಲ್ಲ" ಎಂದಿತು.

ದೇವರಿಗೆ ಕೊಟ್ಟದ್ದನ್ನು ಗಾಳಿಗೆ ಬಿಡುವುದು ಹೇಗೆ? ತಿನ್ನುವುದೂ ಹೇಗೆ? ಬೆಳವ ಕಾಳುಗಳನ್ನು ಬಾಯಿಗೆ ಹಾಕಿಕೊಂಡು, ಹೊಟ್ಟೆಗೆ ಇಳಿಸದೆ, ಗಂಟಲ ಚೀಲದಲ್ಲೇ ತಡೆದು ಇಟ್ಟುಕೊಂಡಿತು.

"ನೀನು ಬರೋವರೆಗೆ ನನ್ನ ಹತ್ರ ಇರಲಿ, ಸ್ವಾಮಿ."

"ಬರೀ ಕಾಳು ಯಾಕೆ, ನನ್ನದೂ ಇಟ್ಟುಕೋ" ಎಂದಿತು ಹೊಳೆ. ಬೆಳವ ಆ ಕೊನೆಯ ಗುಟುಕನ್ನು ತಲೆ ಎತ್ತದೆಯೇ ಹೀರಿತು. ಎತ್ತಿದರೆ ಒಂದು ಹನಿಯಾದರೂ ಚೆಲ್ಲೀತು ಎಂಬ ಭಯ. ಹೊಳೆ ಮರಳಿನಡಿ ಹೋಯಿತು.

ಗೂಡಿಗೆ ಮರಳಿ ಬೆಳವ ಮರಿಗಳ ಮೇಲೆ ರೆಕ್ಕೆ ಹರಡಿ ಕೂತಿತು. ಹಸಿವಾಯಿತು. ನುಂಗಲಿಲ್ಲ. ಗಂಟಲು ಬಿಸಿಯಾಯಿತು, ಭಾರವಾಯಿತು.

ಬೆಳಕು ಹರಿದಾಗ ದೊಡ್ಡ ಮರಿ ಹಸಿವು ತಾಳದೆ ತಾಯಿಯ ಬಾಯೊಳಗೆ ಕೊಕ್ಕು ತೂರಿಸಿತು. ಅಲ್ಲಿ ಜೋಳ ಇರಲಿಲ್ಲ. ಬೆಳ್ಳಗೆ, ಗಟ್ಟಿಯಾಗಿ, ಹಾಲು ಇತ್ತು. ದೊಡ್ಡದು ಕುಡಿಯಿತು. ನಡುವಿನದು ಕುಡಿಯಿತು.

"ಬಾರೋ ಚಿಕ್ಕವನೆ, ಹಾಲು ಬಂದಿದೆ" ಎಂದು ತಾಯಿ ಕೊನೆಯದನ್ನು ಕರೆಯಿತು. ಮತ್ತೆ ಕರೆಯಿತು.

ಗಂಡು ಬೆಳವ ಹತ್ತಿರ ಬಂದು ಕೂತಿತು. "ಬಿಡೇ. ಅವನು ತಣ್ಣಗಾಗಿದ್ದಾನೆ."

"ಸ್ವಾಮಿ, ಒಂದು ಗಳಿಗೆ ಮೊದಲು..." ಎಂದು ತಾಯಿ ಶುರುಮಾಡಿತು. ಮಾತು ಮುಗಿಸಲಿಲ್ಲ. ಉಳಿದೆರಡು ಮರಿಗಳು ಮತ್ತೆ ಬಾಯಿ ತೆರೆದಿದ್ದವು, ಹಾಲು ಇನ್ನೂ ಬರುತ್ತಿತ್ತು. ತಾಯಿ ದಣಿದಾಗ ಗಂಡು ಬೆಳವನ ಗಂಟಲಲ್ಲೂ ಹಾಲು ಬಂತು. ಮಳೆ ಬರುವವರೆಗೂ ಅದು ನಿಲ್ಲಲಿಲ್ಲ.

ಮುಂದಿನ ವರ್ಷ ಹುಲ್ಲು ಬಂತು, ಹುಳು ಬಂತು, ಗೊರವಂಕವೂ ಬಂತು. ಬೆಳವ ಮತ್ತೆ ಮೊಟ್ಟೆ ಇಟ್ಟಿತು. ಮೂರನೆಯದನ್ನು ಇಡಲು ಅದಕ್ಕೆ ಮನಸ್ಸು ಬರಲಿಲ್ಲ.

ಈಗಲೂ ಬಿರುಬಿಸಿಲಿನ ಮಧ್ಯಾಹ್ನ ಎಲ್ಲ ಹಕ್ಕಿಗಳೂ ಸುಮ್ಮನಿರುವಾಗ ಬೆಳವ ಕೂಗುವುದು ಕೇಳಿಸುತ್ತದೆ. ಚಿಕ್ಕದನ್ನು ಹಾಲಿಗೆ ಕರೆಯುವ ದನಿ ಅದು. ಅದರ ಗೂಡಿನ ಕೆಳಗೆ ನಿಂತು ಕಡ್ಡಿಗಳ ಸಂದಿಯಲ್ಲಿ ನೋಡಿದರೆ ಮೊಟ್ಟೆಗಳು ಕಾಣುತ್ತವೆ: ಎರಡು.