ಕುಸ್ಲಿಯ ಪಾದರಸದ ಕೊಳವೆ

ನಮ್ಮ ಅಜ್ಜನ ಅಜ್ಜನೂ ಹುಟ್ಟಿರದ ಕಾಲ. ಕಡಲಂಚಿನ ಒಂದು ಊರು. ಅಲ್ಲಿ ಮೀನು ಹಿಡಿಯುವವರ ಕೇರಿಯಲ್ಲಿ ಕುಸ್ಲಿ ಎಂಬ ಹೆಂಗಸಿದ್ದಳಂತೆ. ಗಂಡ ಲಚ್ಚ. ಒಂದು ದೋಣಿ, ಒಂದು ಬಲೆ, ಅಷ್ಟೇ ಅವರ ಬದುಕು.

ಒಂದು ವರ್ಷ ಹಾಯಿಹಡಗಿನ ಮುದಿ ನಾವಿಕನೊಬ್ಬ ಜ್ವರ ಹಿಡಿದು ಅವಳ ಜಗಲಿಯಲ್ಲಿ ಬಿದ್ದ. ಕುಸ್ಲಿ ಹದಿನೆಂಟು ದಿನ ಗಂಜಿ ಕುಡಿಸಿದಳು. ಆದರೂ ಉಳಿಯಲಿಲ್ಲ. ಸಾಯುವ ಮುಂಚೆ ಅವನು ಎರಡು ಮೊಳದ ಒಂದು ಹಲಗೆ ಕೊಟ್ಟನಂತೆ. ಹಲಗೆಗೆ ಕಟ್ಟಿದ ಗಾಜಿನ ಕೊಳವೆ, ಒಳಗೆ ಪಾದರಸ, ಪಕ್ಕದಲ್ಲಿ ಗೀರುಗಳು. "ಗಾಳಿಗೂ ಭಾರ ಇದೆ, ತಂಗೀ. ಆ ಭಾರ ತಗ್ಗಿದ್ರೆ ರಸ ಇಳೀತದೆ. ಕೊನೇ ಗೀರು ದಾಟಿ ಇಳಿದ ದಿನ ಯಾರನ್ನೂ ಕಡಲಿಗೆ ಬಿಡಬೇಡ" ಅಂದನಂತೆ.

ಕುಸ್ಲಿ ಅದನ್ನು ಒಳಗಿನ ಗೋಡೆಗೆ ತೂಗುಹಾಕಿದಳು. ಒಂದು ಗೀರು ಇಳಿದರೆ ಮಳೆ, ಎರಡು ಇಳಿದರೆ ಗಾಳಿ. ಒಮ್ಮೆಯೂ ತಪ್ಪಲಿಲ್ಲ ಅಂತಾರೆ. ತಪ್ಪುವುದಿಲ್ಲವಲ್ಲ ಎಂಬುದೇ ಅವಳಿಗೆ ಹೆದರಿಕೆ. ಬೆಳಿಗ್ಗೆ ಎದ್ದವಳು ಒಲೆ ಹಚ್ಚುವ ಮುಂಚೆ ಅದನ್ನೇ ನೋಡುತ್ತಿದ್ದಳು.

ಮಳೆಗಾಲ ಕಳೆದು ದೋಣಿ ಇಳಿಸುವ ದಿನ ಬಂತು. ಮೋಡದ ಚೂರಿಲ್ಲ. ಕಡಲು ಎಣ್ಣೆ ಸುರಿದ ಹಾಗೆ ತಣ್ಣಗಿತ್ತು. ಕೊಳವೆಯಲ್ಲಿ ರಸ ಕೊನೆಯ ಗೀರಿಗಿಂತ ಕೆಳಗಿತ್ತು. ಕುಸ್ಲಿ ಬೆರಳಿನಿಂದ ತಟ್ಟಿದಳು. ಇನ್ನೂ ಇಳಿಯಿತು.

ಓಡಿಹೋಗಿ ದಡದಲ್ಲಿದ್ದವರಿಗೆಲ್ಲ ಹೇಳಿದಳು. ಊರ ಹಿರಿಯ ಜಟ್ಟಪ್ಪ ನಕ್ಕುಬಿಟ್ಟ. "ಎರಡು ತಿಂಗಳಿಂದ ಒಲೆ ಸರಿಯಾಗಿ ಉರಿದಿಲ್ಲ. ಗಾಜು ನೋಡ್ತಾ ಕೂತ್ರೆ ಹೊಟ್ಟೆ ತುಂಬ್ತದಾ, ಮಾರಾಯ್ತಿ?" ಊರ ಕಟ್ಟಳೆಯಂತೆ ಆ ವರ್ಷ ಮೊದಲು ನೀರಿಗಿಳಿಯಬೇಕಾದದ್ದು ಲಚ್ಚನ ದೋಣಿ. ಅದು ಇಳಿಯದೆ ಬೇರೆಯವು ಇಳಿಯುವ ಹಾಗಿಲ್ಲ.

ಕುಸ್ಲಿ ಅಲ್ಲೇ ಬಿದ್ದಿದ್ದ ಕೊಡಲಿ ಎತ್ತಿ ಗಂಡನ ದೋಣಿಯ ತಳಕ್ಕೆ ಹೊಡೆದಳು. ಮತ್ತೆ ಹೊಡೆದಳು. ಹಲಗೆ ಸೀಳಿಹೋಯಿತು.

ಜನ ಅವಳನ್ನು ತೆಂಗಿನ ಮರಕ್ಕೆ ಕಟ್ಟಿದರಂತೆ. ಮೊದಲ ದೋಣಿಯೇ ಒಡೆದದ್ದು ಅಪಶಕುನವೆಂದು ಉಳಿದವರು ಹಿಂಜರಿದರು. ಜಟ್ಟಪ್ಪ ಮಾತ್ರ ಕಟ್ಟಳೆ ಮುರಿದು, ತಮ್ಮಂದಿರಿಬ್ಬರನ್ನು ಕರೆದುಕೊಂಡು ಹೊರಟೇಬಿಟ್ಟ. ಕುಸ್ಲಿ ಆ ದೋಣಿಯನ್ನೇ ನೋಡುತ್ತಿದ್ದಳು. ಗಾಳಿ ಬರದಿದ್ದರೆ ಊರು ತನ್ನನ್ನು ಉಳಿಸದು. ಬಂದರೆ ಹೋದವರು ಉಳಿಯರು. ದೇವರಲ್ಲಿ ಏನು ಬೇಡಬೇಕೆಂದೇ ತಿಳಿಯಲಿಲ್ಲ.

ಮಧ್ಯಾಹ್ನ ಕಡಲಹಕ್ಕಿಗಳೆಲ್ಲ ಗುಡ್ಡದ ಕಡೆಗೆ ಹಾರಿದವು. ಬಿಸಿಲು ತಾಮ್ರದ ಬಣ್ಣಕ್ಕೆ ತಿರುಗಿತು. ಆಮೇಲೆ ಕಡಲು ಕೂಗಿತು ಅಂತಾರೆ. ಲಚ್ಚ ಓಡಿಬಂದು ಹಗ್ಗ ಕೊಯ್ದ. ಅವರಿಬ್ಬರೂ ಗುಡ್ಡ ಹತ್ತುವುದರೊಳಗೆ ಅವಳನ್ನು ಕಟ್ಟಿದ್ದ ಮರ ಬುಡ ಸಮೇತ ಕಿತ್ತುಹೋಯಿತಂತೆ.

ಮೂರು ದಿನ ಬೀಸಿತು. ನಾಲ್ಕನೆಯ ದಿನ ಜಟ್ಟಪ್ಪನ ದೋಣಿಯ ಒಂದು ಹುಟ್ಟು ಮಾತ್ರ ದಡಕ್ಕೆ ಬಂತು. ಅವನ ಹೆಂಡತಿ ಕುಸ್ಲಿಯ ಬಾಗಿಲಿಗೆ ಬಂದಳು. ಬಯ್ಯಲು ಬಂದಳೆಂದುಕೊಂಡಳು ಕುಸ್ಲಿ. ಆಕೆ ಹೇಳಿದ್ದು ಒಂದೇ ಮಾತು: "ನಮ್ಮ ದೋಣಿಗೂ ಹೊಡೀಬೇಕಿತ್ತು, ಕುಸ್ಲೀ."

ಕೊಳವೆ ಒಡೆಯಿತೆಂದು ಕೆಲವರು, ಕುಸ್ಲಿಯೇ ಕಡಲಿಗೆ ಎಸೆದಳೆಂದು ಕೆಲವರು. ಆದರೆ ಆ ಊರಲ್ಲಿ ಇವತ್ತಿಗೂ ವರ್ಷದ ಮೊದಲ ದೋಣಿ ಇಳಿಸುವಾಗ ಗಂಡಸರು ಮರಳ ಮೇಲೆ ಕಾದು ನಿಲ್ಲುತ್ತಾರೆ. ಆ ದೋಣಿಯ ಮನೆಯ ಹೆಂಗಸು "ಹೋಗಿ ಬನ್ನಿ" ಅನ್ನಬೇಕು. ಅವಳು ಬಾಯಿ ಬಿಡದಿದ್ದರೆ ಬಲೆ ಮಡಚಿ ಮನೆಗೆ ನಡೆಯುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ.