ಮರುದಿನ ಹೆದರಿದ ಪರೀಕ್ಷಕ

“ಮೇಷ್ಟ್ರೇ, ಹೆದರಿಸುವುದಕ್ಕೆಂದೇ ಮಾಡಿದ ಚಿತ್ರ ಹೆದರಿಸಿತೋ ಇಲ್ಲವೋ ಎಂಬುದನ್ನು ಪರೀಕ್ಷಕನಾದವನು ಅಳೆಯುವುದು ಹೇಗೆ?”

ಕೇಳಿದವನು ಹಾಲೇಶ. ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಹೇಳಿಕೊಡುವವನು. ಅಂತಿಮ ವರ್ಷದ ಮಕ್ಕಳು ಮಾಡಿದ ಇಪ್ಪತ್ತೆರಡು ದೆವ್ವದ ಕಿರುಚಿತ್ರಗಳು, ಪೋಸ್ಟರು, ಟೀಸರುಗಳ ಸಮೇತ, ಅವನ ಜೇಬಿನ ಪೆನ್‌ಡ್ರೈವಿನಲ್ಲಿದ್ದವು. ಸೋಮವಾರದೊಳಗೆ ಅಂಕ ಕೊಡಬೇಕು. ಅದಕ್ಕೇ ತನಗೆ ಪಾಠ ಹೇಳಿದ ನಿಜಗುಣಪ್ಪ ಮೇಷ್ಟ್ರನ್ನು ಹುಡುಕಿಕೊಂಡು ಬಂದಿದ್ದ. ಮೇಷ್ಟ್ರು ನಿವೃತ್ತರಾಗಿ ಆರು ವರ್ಷವಾಗಿತ್ತು. ಯಾರಾದರೂ ಪ್ರಶ್ನೆ ಹೊತ್ತುಕೊಂಡು ಬಾಗಿಲಿಗೆ ಬಂದರೆ ಅವರಿಗೆ ಅಂದು ಹಬ್ಬ.

“ಒಬ್ಬ ಪರೀಕ್ಷಕ ಬುಧವಾರ ಒಂದು ದೆವ್ವದ ಚಿತ್ರ ನೋಡಿದ. ಕೂದಲೂ ಕೊಂಕದ ಹಾಗೆ ಮನೆಗೆ ಬಂದ, ಉಂಡ, ಮಲಗಿದ. ಮರುದಿನ ಬೆಳಗ್ಗೆ ಹತ್ತು ಗಂಟೆಗೆ ತನ್ನದೇ ತರಗತಿಯಲ್ಲಿ, ಕುರ್ಚಿಯಲ್ಲಿ ಕೂತಲ್ಲೇ, ಹೆದರಿ ಬೆವೆತುಹೋದ. ಏನಾಗಿರಬಹುದು? ಊಹಿಸು ನೋಡೋಣ.”

“ಕನಸು ಬಿದ್ದಿರಬೇಕು ಮೇಷ್ಟ್ರೇ.”

“ನಿದ್ದೆ ಚೆನ್ನಾಗೇ ಬಂದಿತ್ತಯ್ಯ. ಸೋತೆ ಅಂತ ಒಪ್ಪಿಕೋ, ಹೇಳ್ತೀನಿ.”

ಹಾಲೇಶ ಸೋತೆನೆಂದು ಒಪ್ಪಿಕೊಂಡ. ಮೇಷ್ಟ್ರು ಕಾಲು ಮಡಚಿ ಕೂತು ಹೇಳಿದ ಕತೆ ಇದು.

ಒಬ್ಬ ಪರೀಕ್ಷಕನಿದ್ದ. ಮಹಾ ನ್ಯಾಯವಂತ. ಆ ಹೆಸರು ನಾಲ್ಕು ತಾಲ್ಲೂಕಿಗೆ ಹಬ್ಬಿತ್ತು. ಹಬ್ಬಿದೆ ಎಂಬುದು ಅವನಿಗೂ ಗೊತ್ತಿತ್ತು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು ಅನ್ನಬಹುದು. ಉತ್ತರಪತ್ರಿಕೆ ತಿದ್ದುವಾಗ ಅವನು ಅಕ್ಷರದ ಅಂದಕ್ಕೆ ಮರುಳಾಗುತ್ತಿರಲಿಲ್ಲ. ಶಿಫಾರಸು ಹಿಡಿದು ಬಂದವರಿಗೆ ಕಾಫಿ ಕೊಟ್ಟು ಕಳಿಸುತ್ತಿದ್ದ, ಅಂಕ ಕೊಡುತ್ತಿರಲಿಲ್ಲ. ಮೌಖಿಕ ಪರೀಕ್ಷೆಯಲ್ಲಂತೂ ವಿದ್ಯಾರ್ಥಿಯ ಮುಖವನ್ನೇ ನೋಡುತ್ತಿರಲಿಲ್ಲ. ಮುಖ ನೋಡಿದರೆ ಒಂದೋ ಕರುಣೆ ಹುಟ್ಟುತ್ತದೆ, ಇಲ್ಲವೇ ಸಿಟ್ಟು ಹುಟ್ಟುತ್ತದೆ, ಎರಡಕ್ಕೂ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ ಎಂಬುದು ಅವನ ವಾದ. ವಾದ ತಪ್ಪೆಂದು ಯಾರೂ ಹೇಳಿರಲಿಲ್ಲ.

ಒಂದು ಸಲ ಅವನನ್ನು ದೂರದ ಕಾಲೇಜೊಂದಕ್ಕೆ ಹೊರಗಿನ ಪರೀಕ್ಷಕನಾಗಿ ಕಳಿಸಿದರು. ಅಲ್ಲಿಯ ಮಕ್ಕಳು ಒಬ್ಬೊಬ್ಬರೂ ಹತ್ತು ನಿಮಿಷದ ಒಂದು ಭಯದ ಚಿತ್ರ ಮಾಡಿ, ಅದಕ್ಕೆ ಪೋಸ್ಟರು ಬರೆದು, ಅರ್ಧ ನಿಮಿಷದ ಟೀಸರು ಕತ್ತರಿಸಿ ಇಟ್ಟಿದ್ದರು. ಚಿತ್ರಕ್ಕೆ ಐವತ್ತು ಅಂಕ, ಪೋಸ್ಟರಿಗೆ ಹದಿನೈದು, ಟೀಸರಿಗೆ ಹದಿನೈದು, ಮೌಖಿಕಕ್ಕೆ ಇಪ್ಪತ್ತು. ಪಾಸಾಗುವುದಕ್ಕೆ ನಲವತ್ತು ಬೇಕು. ಚಿತ್ರದ ಐವತ್ತರಲ್ಲಿ ಹತ್ತು ಅಂಕ ‘ಹೆದರಿಸುವ ಶಕ್ತಿ’ಗೆ ಮೀಸಲು.

ಈ ಹತ್ತು ಅಂಕ ಪರೀಕ್ಷಕನಿಗೆ ಕಗ್ಗಂಟಾಯಿತು. ಬೆಳಕನ್ನು ನೋಡಬಹುದು, ಸದ್ದನ್ನು ಕೇಳಬಹುದು, ಸಂಕಲನದಲ್ಲಿ ಎಲ್ಲಿ ಎಡವಿದ್ದಾರೆಂದು ಬೆರಳಿಟ್ಟು ತೋರಿಸಬಹುದು. ಭಯವನ್ನು ಎಲ್ಲಿ ಹಿಡಿದು ತೂಗುವುದು? ‘ನನಗೆ ಭಯವಾಯಿತು, ತಗೋ ಎಂಟು’ ಎನ್ನುವುದು ಬಾಯಿಗೆ ಬಂದ ಹಾಗೆ ಅಂಕ ಕೊಡುವವರ ಕೆಲಸ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದ. ಊರು ಸಮೀಪಿಸುವ ಹೊತ್ತಿಗೆ ಉಪಾಯ ಹೊಳೆಯಿತು. ಹೊಳೆದದ್ದಕ್ಕೆ ತಾನೇ ಖುಷಿಪಟ್ಟು ಪಕ್ಕದ ಸೀಟಿನವರಿಗೂ ವಿವರಿಸಿದ. ಅವರು ಇಳಿಯುವ ಊರು ಬಂತೆಂದು ಎದ್ದು ಹೋದರು.

ಉಪಾಯ ಏನೆಂದರೆ ನಾಡಿ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. ಬಲಗೈಯ ಎರಡು ಬೆರಳನ್ನು ಎಡ ಮಣಿಕಟ್ಟಿನ ಮೇಲಿಟ್ಟ. ಸುಮ್ಮನೆ ಕೂತಾಗ ನಿಮಿಷಕ್ಕೆ ಎಪ್ಪತ್ತೆರಡು. ಚಿತ್ರ ನೋಡುವಾಗ ಅದಕ್ಕಿಂತ ಎಷ್ಟು ಏರುತ್ತದೋ ಅಷ್ಟು ಅಂಕ. ಮೊದಲನೆಯ ಚಿತ್ರದಲ್ಲಿ ಬಾಗಿಲ ಸಂದಿಯಿಂದ ಬೆಕ್ಕು ಹಾರಿತು. ಎಪ್ಪತ್ತೊಂಬತ್ತು, ಏಳು ಅಂಕ. ಎರಡನೆಯದರಲ್ಲಿ ಬಿಳಿ ಸೀರೆಯುಟ್ಟವಳು ಕನ್ನಡಿಯಿಂದ ಕೈ ಚಾಚಿದಳು. ಎಂಬತ್ತು, ಎಂಟು ಅಂಕ. ಕಾಲಂ ಚಕಚಕನೆ ತುಂಬಿತು. ಎಷ್ಟು ಸುಲಭ, ಎಷ್ಟು ನ್ಯಾಯ ಎಂದು ಬೀಗಿದ.

ಒಂಬತ್ತನೆಯ ಚಿತ್ರ ಒಬ್ಬ ಹುಡುಗಿಯದು. ಪೋಸ್ಟರು ಮೊದಲು ಬಂತು. ಉಳಿದವರ ಪೋಸ್ಟರಿನಲ್ಲಿ ಕೆಂಪಕ್ಷರದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಇವಳದರಲ್ಲಿ ಹಾಜರಿ ಪುಸ್ತಕದ ಒಂದು ಪುಟ, ಅಷ್ಟೇ. ನಂಬರುಗಳ ಎದುರು ಸಾಲಾಗಿ ಹಾಜರಿ ಗುರುತು. ಕೆಳಗೆ ಸಣ್ಣಕ್ಷರದಲ್ಲಿ ‘ಎಲ್ಲರೂ ಇದ್ದಾರೆ’ ಎಂಬ ಒಂದು ಸಾಲು. ಪರೀಕ್ಷಕ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ‘ಇದು ಚಿತ್ರದ ಪೋಸ್ಟರೋ ಕಚೇರಿಯ ಸುತ್ತೋಲೆಯೋ ತಿಳಿಯದು’ ಎಂದು ಷರಾ ಬರೆದು ಮೂರು ಅಂಕ ಕೊಟ್ಟ. ಟೀಸರು ಹಾಕಿದರು. ಪರದೆ ಕಪ್ಪಗಿತ್ತು. ಒಂದು ದನಿ ನಂಬರು ಕರೆಯುತ್ತಿತ್ತು, ಬೇರೆ ಬೇರೆ ದನಿಗಳು ‘ಎಸ್ ಸಾರ್’ ಎನ್ನುತ್ತಿದ್ದವು. ಅರ್ಧ ನಿಮಿಷ ಮುಗಿಯಿತು. ಐದು ಅಂಕ.

ಆಮೇಲೆ ಚಿತ್ರ. ಒಂದು ತರಗತಿ. ಮೇಷ್ಟ್ರೊಬ್ಬ ಕುರ್ಚಿಯಲ್ಲಿ ಕೂತು, ತಲೆ ಬಗ್ಗಿಸಿ, ಹಾಜರಿ ಕರೆಯುತ್ತಾನೆ. ಎಲ್ಲರೂ ಓಗೊಡುತ್ತಾರೆ. ಪುಸ್ತಕ ಮುಚ್ಚಿ ಪಾಠ ಶುರುಮಾಡುತ್ತಾನೆ. ಮರುದಿನ ಮತ್ತೆ ಹಾಜರಿ. ಬೆಂಚಿನಲ್ಲಿ ಒಬ್ಬರು ಕಡಿಮೆ. ದನಿಗಳು ಮಾತ್ರ ಅಷ್ಟೇ ಇವೆ. ಅದರ ಮರುದಿನ ನಾಲ್ಕು ಜನ ಕಡಿಮೆ. ಗೈರಾದ ಗೆಳೆಯನ ಬದಲು ಇನ್ನೊಬ್ಬ ದನಿ ಬದಲಿಸಿ ಓಗೊಡುವುದು ಯಾವ ಕಾಲೇಜಿಗೂ ಹೊಸದಲ್ಲವಲ್ಲ, ನೋಡುವವನು ಅದೇ ಇರಬೇಕೆಂದುಕೊಳ್ಳುತ್ತಾನೆ. ಕೊನೆಯ ದಿನ ತರಗತಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮೇಷ್ಟ್ರು ತಲೆ ಎತ್ತದೆ ಕರೆಯುತ್ತಾನೆ. ಖಾಲಿ ಬೆಂಚುಗಳಿಂದ ಒಂದೊಂದಾಗಿ ‘ಎಸ್ ಸಾರ್’ ಬರುತ್ತದೆ. ಅವನು ಪುಸ್ತಕ ಮುಚ್ಚಿ, ಬೋರ್ಡಿನ ಕಡೆ ತಿರುಗಿ, ‘ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ?’ ಎನ್ನುತ್ತಾನೆ. ಚಿತ್ರ ಮುಗಿಯಿತು.

ನಾಡಿ ಎಪ್ಪತ್ತೆರಡು. ಪರೀಕ್ಷಕ ಎರಡು ಸಲ ಎಣಿಸಿದ. ಒಂದೂ ಏರಿರಲಿಲ್ಲ. ಹೆದರಿಸುವ ಶಕ್ತಿ, ಸೊನ್ನೆ.

ಹುಡುಗಿಯನ್ನು ಮೌಖಿಕಕ್ಕೆ ಕರೆದರು. ಪರೀಕ್ಷಕ ಅಂಕಪಟ್ಟಿ ನೋಡುತ್ತ ಕೇಳಿದ.

“ನಿನ್ನ ಚಿತ್ರದಲ್ಲಿ ದೆವ್ವ ಎಲ್ಲಮ್ಮ?”

“ಕುರ್ಚಿ ಮೇಲೆ ಕೂತಿದ್ದಾರಲ್ಲ ಸಾರ್.”

“ಕುರ್ಚಿ ಮೇಲೆ ಕೂತಿರೋದು ಮೇಷ್ಟ್ರು. ನಾನು ಕೇಳಿದ್ದು ದೆವ್ವ.”

“ಹೌದು ಸಾರ್,” ಎಂದಳು ಅವಳು.

‘ಪ್ರಶ್ನೆ ಅರ್ಥವಾಗಿಲ್ಲ’ ಎಂದು ಬರೆದು ಇಪ್ಪತ್ತಕ್ಕೆ ಆರು ಕೊಟ್ಟ. ಎಲ್ಲ ಕೂಡಿದರೆ ಮೂವತ್ತನಾಲ್ಕು. ಪಕ್ಕದಲ್ಲಿ ಕೂತಿದ್ದ ಆ ಕಾಲೇಜಿನ ಅಧ್ಯಾಪಕಿ ಇಣುಕಿ ನೋಡಿ ಮೆಲ್ಲಗೆ ಹೇಳಿದಳು.

“ಸಾರ್, ಉಳಿದ ಎಲ್ಲ ಪೇಪರ್‌ನಲ್ಲೂ ಪಾಸಾಗಿದ್ದಾಳೆ. ಇದೊಂದು ಹೋದರೆ ಡಿಗ್ರಿ ಕೈ ತಪ್ಪುತ್ತೆ. ಇನ್ನೊಂದು ವರ್ಷ ಅವರ ಮನೆಯಲ್ಲಿ ಕಳಿಸೋಲ್ಲ. ಇನ್ನೊಂದ್ಸಲ ನೋಡಬಹುದಿತ್ತು.”

“ಮನೆ ವಿಚಾರಕ್ಕೆ ಕಾಲಂ ಎಲ್ಲಿದೆ ತೋರಿಸಿ, ತುಂಬ್ತೀನಿ,” ಎಂದ ಪರೀಕ್ಷಕ. ಅಂಕಪಟ್ಟಿಯನ್ನು ಲಕೋಟೆಯಲ್ಲಿಟ್ಟು, ಅರಗು ಹಾಕಿಸಿ, ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟರ ಕೈಗೆ ಕೊಟ್ಟ. ಮರುದಿನ ನಾಲ್ಕು ಗಂಟೆಗೆ ಅದು ವಿಶ್ವವಿದ್ಯಾಲಯಕ್ಕೆ ಹೊರಡಬೇಕು. ಪರೀಕ್ಷಕ ನಿಶ್ಚಿಂತೆಯಿಂದ ಊರಿಗೆ ಬಂದ.

ಬೆಳಗ್ಗೆ ತನ್ನ ಕಾಲೇಜಿನಲ್ಲಿ ಮೊದಲ ಪೀರಿಯಡ್ಡು, ಎರಡನೆಯ ವರ್ಷದ ತರಗತಿ. ಕುರ್ಚಿಯಲ್ಲಿ ಕೂತು ಹಾಜರಿ ಪುಸ್ತಕ ಬಿಡಿಸಿದ. ಅರವತ್ತೊಂದು ನಂಬರನ್ನು ಒಂದೂವರೆ ನಿಮಿಷದಲ್ಲಿ ಕರೆದು ಮುಗಿಸುವವನು ಅವನು. ಆ ವೇಗದ ಬಗ್ಗೆ ಸಹೋದ್ಯೋಗಿಗಳ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದ. ಒಂದು ಎಂದ, ‘ಎಸ್ ಸಾರ್’. ಎರಡು ಎಂದ, ‘ಎಸ್ ಸಾರ್’. ಪೆನ್ನು ತನ್ನಷ್ಟಕ್ಕೆ ತಾನು ಓಡುತ್ತಿತ್ತು. ಹದಿನೇಳರವರೆಗೆ ಬಂದವನು ಗಕ್ಕನೆ ನಿಂತ.

ಎದುರಿಗೆ ತೆರೆದಿದ್ದ ಪುಟ ಆ ಪೋಸ್ಟರಿನ ಪುಟದ ಹಾಗೇ ಇತ್ತು. ಅದೇ ಸಾಲು, ಅದೇ ಗುರುತು. ಹದಿನೇಳು ಸಲ ಓಗೊಟ್ಟ ಹದಿನೇಳು ಮುಖಗಳಲ್ಲಿ ಒಂದನ್ನಾದರೂ ನೆನಪಿಸಿಕೊಳ್ಳಲು ನೋಡಿದ. ಒಂದೂ ಬರಲಿಲ್ಲ. ಹೋದ ವರ್ಷದವರನ್ನು ನೆನೆದ. ಅದರ ಹಿಂದಿನ ವರ್ಷದವರನ್ನು ನೆನೆದ. ನಂಬರುಗಳು ನೆನಪಾದವು, ‘ಎಸ್ ಸಾರ್’ಗಳು ನೆನಪಾದವು, ಮುಖವಿದ್ದ ಜಾಗ ಬರಿದಾಗಿತ್ತು. ತಲೆ ಎತ್ತಿದರೆ ಮುಗಿಯಿತಲ್ಲ ಅನ್ನುತ್ತೀಯ. ಎತ್ತುವುದಕ್ಕೆ ಆಗಲಿಲ್ಲ. ಎತ್ತಿದಾಗ ಬೆಂಚುಗಳಲ್ಲಿ ಯಾರೂ ಇಲ್ಲದಿದ್ದರೆ? ನಿನ್ನೆಯ ಅಭ್ಯಾಸ, ಬೆರಳು ತಾನಾಗಿ ಮಣಿಕಟ್ಟಿಗೆ ಹೋಯಿತು. ನೂರಾ ನಾಲ್ಕು.

ಕೊನೆಗೆ ಎತ್ತಿದ. ಮೂವತ್ತೊಂಬತ್ತು ಜನ ಕೂತಿದ್ದರು. ಪುಸ್ತಕದಲ್ಲಿ ಹಿಂದಿನ ತರಗತಿಗೆ ಅರವತ್ತು ಹಾಜರಿ ಇತ್ತು. ಕೂತವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನ ಕಣ್ಣನ್ನು ಅವರೂ ಅಲ್ಲಿಯವರೆಗೆ ಸರಿಯಾಗಿ ಕಂಡಿರಲಿಲ್ಲ.

ಅವನು ಹಾಜರಿ ಪುಸ್ತಕ ಮುಚ್ಚಿಟ್ಟ. ಒಬ್ಬೊಬ್ಬರನ್ನಾಗಿ ಎಬ್ಬಿಸಿ ಹೆಸರು ಕೇಳಿದ, ಊರು ಕೇಳಿದ, ಹೇಳಿ ಮುಗಿಸುವವರೆಗೆ ಮುಖ ನೋಡಿದ. ಇಡೀ ಪೀರಿಯಡ್ಡು ಅದಕ್ಕೇ ಹೋಯಿತು. ಗಂಟೆ ಹೊಡೆದದ್ದೇ ತಡ, ರಜೆ ಚೀಟಿ ಬರೆದಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದ. ನಾಲ್ಕು ಗಂಟೆಗೆ ಲಕೋಟೆ ಹೊರಟರೆ ಹುಡುಗಿಯ ಓದು ಮುಗಿದ ಹಾಗೆ. ದಾರಿಯಲ್ಲಿ ಬಸ್ಸಿನ ಟೈರು ಬೇರೆ ಪಂಕ್ಚರಾಯಿತು. ಆ ಕಾಲೇಜಿನ ಮೆಟ್ಟಿಲು ಹತ್ತುವಾಗ ಮೂರೂಮುಕ್ಕಾಲು.

ಸೂಪರಿಂಟೆಂಡೆಂಟರು ಲಕೋಟೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಕತೆ ಕೇಳಿ ಕನ್ನಡಕ ತೆಗೆದರು.

“ಅರಗು ಒಡೆಯೋದು ದೊಡ್ಡ ಮಾತಲ್ಲ ಸಾರ್, ನಿಮ್ಮ ಸಹಿ ಇದ್ದರೆ ಆಯ್ತು. ಆದರೆ ಚಿತ್ರ ಇನ್ನೊಂದ್ಸಲ ನೋಡಿ, ಕಾರಣ ಬರೀಬೇಕು. ನೋಡೋಕೆ ಟೈಮಿಲ್ಲ.”

“ನೋಡಿ ಆಗಿದೆ. ಇವತ್ತು ಬೆಳಗ್ಗೆ ನೋಡಿದೆ.”

“ಸಿ.ಡಿ. ನಮ್ಮ ಬೀರುವಿನಲ್ಲೇ ಇದೆಯಲ್ಲ ಸಾರ್?”

“ಇರಲಿ ಬಿಡಿ. ಕಾಗದ ಕೊಡಿ.”

ಅವನು ಬರೆದ: ‘ಚಿತ್ರ ನೋಡಿದ ದಿನ ಪರೀಕ್ಷಕನು ಹೆದರಲಿಲ್ಲ. ಮರುದಿನ ತನ್ನ ತರಗತಿಯಲ್ಲಿ ಹಾಜರಿ ಕರೆಯುವಾಗ ಹೆದರಿದನು. ತಡವಾದದ್ದು ಪರೀಕ್ಷಕನಿಂದ, ಚಿತ್ರದಿಂದಲ್ಲ.’ ಸೂಪರಿಂಟೆಂಡೆಂಟರು ಓದಿದರು. ಇನ್ನೊಂದು ಸಲ ಓದಿದರು.

“ಇದನ್ನ ವಿಶ್ವವಿದ್ಯಾಲಯದವರು ಓದ್ತಾರೆ ಸಾರ್. ನಿಮ್ಮನ್ನ ಮುಂದೆ ಯಾವ ಪರೀಕ್ಷೆಗೂ ಕರೆಯೋಲ್ಲ.”

“ಓದಲಿ,” ಎಂದ ಪರೀಕ್ಷಕ. ನ್ಯಾಯವಂತನೆಂಬ ಹೆಸರು ಹೋದರೆ ಹೋಗಲಿ ಅನ್ನುವಷ್ಟು ಅವಸರದಲ್ಲಿದ್ದ. ಸೊನ್ನೆಯಿದ್ದಲ್ಲಿ ಹತ್ತು ಬಂತು. ಪೋಸ್ಟರು, ಟೀಸರು ಎರಡಕ್ಕೂ ಏರಿಸಿದ. ಪ್ರಶ್ನೆ ಅರ್ಥವಾಗದೆ ಹೋದದ್ದು ಯಾರಿಗೆಂದು ಈಗ ಗೊತ್ತಾಗಿತ್ತು, ಮೌಖಿಕದ ಷರಾ ಹೊಡೆದುಹಾಕಿ ಅಲ್ಲೂ ಅಂಕ ಏರಿಸಿದ. ಮೂವತ್ತನಾಲ್ಕಿದ್ದದ್ದು ಎಪ್ಪತ್ತನಾಲ್ಕಾಯಿತು. ಹೊಸ ಅರಗು ಬಿತ್ತು. ಚೀಲ ಹೊರಟಿತು. ಹುಡುಗಿ ಪಾಸಾದಳು.

ಹೊರಗೆ ಬಂದರೆ ಪಡಸಾಲೆಯಲ್ಲಿ ಐದಾರು ಹುಡುಗಿಯರು ಕಂಬಕ್ಕೊರಗಿ ಮಾತಾಡುತ್ತಿದ್ದರು. ಅವಳೂ ಅಲ್ಲಿದ್ದಿರಬಹುದು. ಒಂದು ಮಾತು ಹೇಳಿ ಹೋಗೋಣವೆಂದು ಪರೀಕ್ಷಕ ನಿಂತ. ಯಾರೆಂದು ಗುರುತು ಹಿಡಿಯಲಾಗಲಿಲ್ಲ. ಹಿಂದಿನ ದಿನವಷ್ಟೇ ಎದುರಿಗೆ ಕೂರಿಸಿಕೊಂಡು ಮಾತಾಡಿಸಿದ ಹುಡುಗಿ. ಸ್ವಲ್ಪ ಹೊತ್ತು ನಿಂತಿದ್ದು, ಬಸ್ಸಿಗೆ ಹೋದ.

ಇಷ್ಟು ಹೇಳಿ ಮೇಷ್ಟ್ರು ನಿಲ್ಲಿಸಿದರು. ಹಾಲೇಶ ಜೇಬಿನೊಳಗಿನ ಪೆನ್‌ಡ್ರೈವನ್ನು ಮುಟ್ಟಿ ನೋಡಿಕೊಂಡ. ಅವನಿಗೆ ಕತೆಗಿಂತ ಕತೆಯೊಳಗಿನವನ ಮೇಲೆ ಕುತೂಹಲ ಹುಟ್ಟಿತ್ತು.

“ಆ ಪರೀಕ್ಷಕರು ಯಾರು ಮೇಷ್ಟ್ರೇ? ಇದೆಲ್ಲ ಯಾವಾಗ ನಡೆದದ್ದು?”

ಮೇಷ್ಟ್ರು ಅವನ ಮುಖ ನೋಡುತ್ತ ಒಂದೇ ಮಾತು ಹೇಳಿದರು.

“ನೀನು ನನ್ನ ತರಗತಿಗೆ ಬಂದು ಕೂರತೊಡಗಿ ಎರಡು ವರ್ಷವಾಗುತ್ತ ಬಂದಿತ್ತು ಹಾಲೇಶ, ನಿನ್ನ ಮುಖವನ್ನು ನಾನು ಮೊದಲ ಸಲ ನೋಡಿದ್ದು ಅವತ್ತು, ಎರಡು ಸಾವಿರದ ಹದಿಮೂರನೇ ಇಸವಿ, ಮಾರ್ಚ್ ಹದಿನಾಲ್ಕು, ಗುರುವಾರ.”